ಸೌದೆ ಯಂತ್ರಕ್ಕೆ ಉಸಿರು ಬಂದದ್ದು

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟು ನಾದುವ ಮೇಜಿನ ನೇರಕ್ಕೆ, ಛಾವಣಿಯ ಮೇಲೆ ಒಂದು ಕಲೆ ಇದೆ. ತಟ್ಟೆಯಷ್ಟು ಅಗಲ, ಮಾಸಲು ಹಳದಿ. ಹೊಸಬರು ನೋಡಿದರೆ ಮಳೆನೀರು ಸೋರಿರಬೇಕು ಅಂದುಕೊಳ್ಳುತ್ತಾರೆ. ಅದು ಮೈದಾಹಿಟ್ಟು. ಕಿಡಿ ಎಂಬವನು ಮಾಡಿದ ಮೊದಲ ಯಂತ್ರ ಹಿಟ್ಟು ನಾದುವ ಯಂತ್ರ. ಗುಂಡಿ ಒತ್ತಿದ ಕೂಡಲೇ ಅದು ಹೊಟ್ಟೆಯಲ್ಲಿದ್ದುದನ್ನೆಲ್ಲ ಮೇಲಕ್ಕೆ ಕಕ್ಕಿತ್ತು. ಕಲೆ ಒರೆಸಲು ಅಕ್ಕ ಏಣಿ ತಂದಾಗ ಭಾವ ಬಿಡಲಿಲ್ಲ.

"ಇರಲಿ ಬಿಡು. ನಿನ್ನ ತಮ್ಮ ಇನ್ನೊಂದು ಯಂತ್ರ ಮಾಡ್ತೀನಿ ಅಂದಾಗ ತಲೆ ಎತ್ತಿ ನೋಡೋಕೆ ಒಂದು ಜಾಗ ಬೇಕಲ್ಲ."

ಕಿಡಿ ಎಂದರೆ ಅಕ್ಕನ ತಮ್ಮ, ಬೇಕರಿಯ ಹಿತ್ತಲಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡವನು. ಹೆಸರು ಕೇಳಿ ಮುಂಗೋಪಿ ಎಂದುಕೊಳ್ಳಬೇಡಿ. ಅವನಷ್ಟು ತಣ್ಣನೆಯ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಹೆಸರು ಬಂದದ್ದು ಅವನ ಅಂಗಿಗಳಿಂದ. ವೆಲ್ಡಿಂಗಿನ ಕಿಡಿ ಹಾರಿ ಹಾರಿ ಎಲ್ಲ ಅಂಗಿಗಳೂ ಜರಡಿಯಂತಾಗಿದ್ದವು. ಹೊಸ ಅಂಗಿ ಹೊಲಿಸಿದರೂ ವಾರ ಕಳೆಯುವುದರೊಳಗೆ ಎದೆಯ ಮೇಲೆ ನಕ್ಷತ್ರ ಮೂಡುತ್ತಿದ್ದವು. ಮೊದಲು ಹಾಗೆ ಕರೆದವರು ಭಾವನೇ. ಕಿಡಿ ಅದನ್ನು ಸಂತೋಷದಿಂದಲೇ ಇಟ್ಟುಕೊಂಡಿದ್ದ.

ಭಾವ ಕೊಟ್ಟದ್ದು ಏನಿದ್ದರೂ ಅವನು ಇಟ್ಟುಕೊಳ್ಳುತ್ತಿದ್ದ. ಅಮ್ಮ ತೀರಿಹೋದಾಗ ಅವನು ಅಕ್ಕನ ಸೊಂಟದೆತ್ತರ ಇದ್ದ. ಅಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಅವಳ ಪೆಟ್ಟಿಗೆಯ ಹಿಂದೆ ಅವನೂ ಬಂದ. ಭಾವ ಏನೂ ಕೇಳಲಿಲ್ಲ. ಒಲೆಗೋಡೆಯ ಆಚೆಗಿನ ಬೆಚ್ಚನೆಯ ಕೋಣೆಯಲ್ಲಿ ಇನ್ನೊಂದು ಚಾಪೆ ಹಾಸಿದರು, ಅಷ್ಟೆ. ಮರುದಿನ ಮುಂಜಾನೆ ಹುಡುಗ ಎಚ್ಚರಗೊಂಡದ್ದು ಹಿತ್ತಲಿನಿಂದ ಬಂದ ಕೊಡಲಿಯ ಸದ್ದಿಗೆ. ಟಕ್, ಆಮೇಲೆ ಸೀಳು ಬಿಡುವ ಮರದ ನಿಟ್ಟುಸಿರು, ಮತ್ತೆ ಟಕ್. ಆ ಸದ್ದು ಕೇಳಿದರೆ ಮನೆಯಲ್ಲಿ ಯಾರೋ ದೊಡ್ಡವರಿದ್ದಾರೆ ಅನ್ನಿಸುತ್ತಿತ್ತು. ಅವನು ಮೀಸೆ ಬೆಳೆಸಿ, ಸ್ವಂತ ಶೆಡ್ಡು ಹಾಕಿದ ಮೇಲೂ ಆ ಸದ್ದಿಗೇ ಏಳುತ್ತಿದ್ದ.

ಒಂದು ದಿನ ಆ ಸದ್ದು ನಿಂತಿತು. ಭಾವನಿಗೆ ಹರ್ನಿಯಾ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ಡಾಕ್ಟರು ತಮಾಷೆಯ ಮನುಷ್ಯ. ಆದರೂ ಹೇಳಬೇಕಾದ್ದನ್ನು ಹೇಳಿದರು.

"ಭಾರ ಎತ್ತೋದು, ಕೊಡಲಿ ಬೀಸೋದು ಎರಡೂ ಇನ್ನು ಬೇಡ. ಈ ಸಲ ಹೊಲಿದಿದ್ದೀನಿ. ಮತ್ತೆ ಹರಿದುಕೊಂಡು ಬಂದರೆ ಹೊಲಿಯೋಕೆ ಬಟ್ಟೆ ಇರಲ್ಲ."

ಭಾವ ನಕ್ಕರು. ಅಕ್ಕ ನಗಲಿಲ್ಲ. ಗಂಡನನ್ನು ಅವಳು ಬಲ್ಲಳು. ಒಲೆ ಆರುವುದನ್ನು ನೋಡಿಕೊಂಡು ಕೂರುವ ಜೀವ ಅದಲ್ಲ. ಒಲೆಗೆ ಬರುತ್ತಿದ್ದುದು ಕಟ್ಟಿಗೆ ಮಿಲ್ಲಿನವರು ಹಲಗೆಗೆ ಬಾರದೆಂದು ಬಿಟ್ಟ ಗಂಟುಗಂಟಿನ ಕೊರಡುಗಳು. ಕೂಲಿಗೆ ಬಂದವರು ಆ ಗಂಟುಗಳನ್ನು ಒಮ್ಮೆ ತಟ್ಟಿ ನೋಡಿ, ಬೀಡಿ ಹಚ್ಚಿ, ನಾಳೆ ಬರುತ್ತೇವೆಂದು ಹೋದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಲೆ ಒಡೆದು ಗ್ಯಾಸಿನದು ಹಾಕಿಸೋಣ ಎಂದರೆ, ಅದು ಭಾವನ ತಂದೆ ಒಂದೊಂದೇ ಇಟ್ಟಿಗೆ ಜೋಡಿಸಿ ಕಟ್ಟಿದ್ದು. ಆ ಮಾತನ್ನು ಯಾರೂ ಎರಡನೇ ಸಲ ಎತ್ತಲಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆಯೇ ಅಕ್ಕ ಕೊಡಲಿಯನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ತಮ್ಮನ ಶೆಡ್ಡಿನಲ್ಲಿಟ್ಟಳು.

"ಇವರ ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಹಾಕು. ಆಮೇಲೆ ಏನಾದರೂ ಮಾಡು. ಸೀಳಿಟ್ಟ ಸೌದೆ ಇರೋತನಕ ಇವರು ಮಾತು ಕೇಳ್ತಾರೆ. ಅದು ಮುಗಿದ ದಿನ ಯಾರ ಮಾತೂ ಕೇಳಲ್ಲ."

"ಯಂತ್ರ ಮಾಡ್ತೀನಿ ಅಕ್ಕ."

ಅಕ್ಕ ತನಗೆ ಗೊತ್ತಿಲ್ಲದಂತೆ ತಲೆಯೆತ್ತಿ ಮೇಲೆ ನೋಡಿದಳು. ಶೆಡ್ಡಿನ ತಗಡಿನಲ್ಲಿ ಕಲೆ ಇರಲಿಲ್ಲ. ಆದರೂ ಕಿಡಿಗೆ ಅರ್ಥವಾಯಿತು.

ಪಕ್ಕದ ಬೀದಿಯ ಗುಜರಿಯವನು ಕಿಡಿಯ ಗೆಳೆಯ. ಅವನ ಅಂಗಳದಲ್ಲಿ ಸತ್ತ ಯಂತ್ರಗಳು ಮಲಗಿದ್ದವು. ಮಣ್ಣು ಎತ್ತುವ ಯಂತ್ರವೊಂದರ ತೋಳಿನಿಂದ ಹೈಡ್ರಾಲಿಕ್ ಸಿಲಿಂಡರು ಸಿಕ್ಕಿತು. ಟ್ರ್ಯಾಕ್ಟರಿನಿಂದ ಗೇರ್ ಪಂಪು, ಮುಚ್ಚಿದ ಹಿಟ್ಟಿನ ಗಿರಣಿಯಿಂದ ಮೋಟಾರು, ಟೆಂಪೋ ಒಂದರಿಂದ ಪುಟ್ಟ ಡೀಸೆಲ್ ಟ್ಯಾಂಕು ಬಂದವು. ಉದ್ದನೆಯ ಗರ್ಡರನ್ನು ಬೆನ್ನೆಲುಬಾಗಿ ಮಲಗಿಸಿ ಕಿಡಿ ಇವನ್ನೆಲ್ಲ ಅದರ ಮೇಲೆ ಕೂರಿಸತೊಡಗಿದ. ಕೆಲಸ ಮಾಡುವ ರೀತಿ ಸರಳ. ಮೋಟಾರು ಪಂಪನ್ನು ತಿರುಗಿಸಬೇಕು. ಪಂಪು ಟ್ಯಾಂಕಿನ ಎಣ್ಣೆಯನ್ನು ಎಳೆದು ಸಿಲಿಂಡರಿಗೆ ತಳ್ಳಬೇಕು. ಸಿಲಿಂಡರಿನ ದಂಡ ಹೊರಬಂದು ಕೊರಡನ್ನು ಆ ತುದಿಯ ಬೆಣೆಗೆ ಒತ್ತಬೇಕು. ಕೊರಡು ಸೀಳಬೇಕು. ಎಣ್ಣೆ ಇಳಿದಾಗ ಆ ಜಾಗಕ್ಕೆ ಗಾಳಿ ಬರಲೆಂದು ಟ್ಯಾಂಕಿನ ನೆತ್ತಿಯಲ್ಲಿ ಬೆರಳುದ್ದದ ಕೊಳವೆಯೊಂದನ್ನು ಬೆಸೆದ. ಅದಕ್ಕೆ ಉಸಿರುಕೊಳವೆ ಎಂದು ಹೆಸರಿಟ್ಟ.

ಬೆಣೆಗೆ ಏನು ಹಾಕುವುದೆಂದು ಅವನು ಬಹಳ ಹೊತ್ತು ಒಂದು ಕಣ್ಣು ಮುಚ್ಚಿ ಯೋಚಿಸಿದ. ಯೋಚಿಸುವಾಗ ಒಂದು ಕಣ್ಣು ಮುಚ್ಚುವುದು ಅವನ ಅಭ್ಯಾಸ. ಆಮೇಲೆ ಸೀರೆ ಬಿಚ್ಚಿ ಭಾವನ ಕೊಡಲಿಯನ್ನು ತೆಗೆದ. ಅದರ ತಲೆಯನ್ನು ಮೂಗಿನಂತೆ ಮುಂದಕ್ಕಿಟ್ಟು, ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಎರಡೂ ಬದಿಗೆ ಕೆನ್ನೆಗಳಂತೆ ಬೆಸೆದು, ಎಲ್ಲದರ ಮೇಲೂ ಕೆಂಪು ಬಣ್ಣ ಬಳಿದ. ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಅವನಿಗೆ ತೋಚಲಿಲ್ಲ. ಭಾವ ಅಟ್ಟ, ಮಂಚದಡಿ, ಬಾವಿಕಟ್ಟೆಯ ಹಿಂಬದಿ ಎಲ್ಲ ಹುಡುಕಿದರು. ದಿನಕ್ಕೊಮ್ಮೆ ಯಂತ್ರದ ಮುಂದೆ ನಿಂತು, "ನನ್ನ ಕೊಡಲಿ ನೋಡಿದೆಯೇನೋ?" ಎಂದು ಕೇಳಿ ಹೋಗುತ್ತಿದ್ದರು. ಕಿಡಿ ನಟ್ಟು ಬಿಗಿಯುತ್ತ, ಇಲ್ಲೇ ಎಲ್ಲೋ ಇರಬೇಕು ಭಾವ, ಎನ್ನುತ್ತಿದ್ದ. ಅದು ಸುಳ್ಳಾಗಿರಲಿಲ್ಲ.

ಮೊದಲ ದಿನ ಯಂತ್ರ ಚೆನ್ನಾಗಿ ನಡೆಯಿತು. ಒಂದು ಜೋಡಣೆಯಿಂದ ಎಣ್ಣೆ ಚಿಮ್ಮಿ ಭಾವನ ಬಿಳಿ ಅಂಗಿಯ ಮೇಲೆ ಬಿದ್ದದ್ದು ಬಿಟ್ಟರೆ ದೂರಲು ಏನೂ ಇರಲಿಲ್ಲ. ಆ ನಟ್ಟನ್ನು ಬಿಗಿದ ಮೇಲೆ ದಂಡ ನಿಧಾನವಾಗಿ ಹೊರಬಂದು, ಕೊರಡನ್ನು ಬೆಣೆಗೆ ಒತ್ತಿ, ರಸ್ಕು ಮುರಿದಂತೆ ಎರಡಾಗಿಸಿತು. ಗುಜರಿಯವನು ಚಪ್ಪಾಳೆ ತಟ್ಟಿದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹತ್ತಾರು ಕೊರಡು ಹೀಗೆ ಆದವೋ ಇಲ್ಲವೋ, ಯಂತ್ರ ಕುಂಯ್ಯೆಂದು ಅಳತೊಡಗಿತು. ದಂಡ ತಡವರಿಸಿ, ಅರ್ಧ ಸೀಳಿದ ಕೊರಡನ್ನು ಕಚ್ಚಿಕೊಂಡು ನಿಂತುಬಿಟ್ಟಿತು.

ಕಿಡಿ ಮುಚ್ಚಳ ತೆಗೆದು ಎಣ್ಣೆ ನೋಡಿದ. ಕೊರಳತನಕ ಇತ್ತು. ಮುಚ್ಚಳ ಹಾಕಿ ಮತ್ತೆ ಚಾಲೂ ಮಾಡಿದ. ಏನೂ ಆಗಿಯೇ ಇಲ್ಲವೆಂಬಂತೆ ಯಂತ್ರ ಕೊರಡನ್ನು ಸೀಳಿ ಕೈ ತೊಳೆದುಕೊಂಡಿತು. ಇನ್ನಷ್ಟು ಕೊರಡಾಗುವಷ್ಟರಲ್ಲಿ ಮತ್ತೆ ಅದೇ ಅಳು.

"ನಿನ್ನ ಯಂತ್ರಕ್ಕೆ ಆಗಾಗ ಮುಖ ತೋರಿಸಬೇಕು ಅಂತ ಕಾಣುತ್ತೆ. ಮದುವೆ ಆಗದೆ ಇರೋ ಗಂಡಸಿಗೆ ಇಂಥದೇ ಗಂಟು ಬೀಳೋದು," ಎಂದ ಗುಜರಿಯವನು.

"ನಿನ್ನ ಪಂಪು ಸವೆದಿರಬೇಕು."

"ಅದೇನು ಗುರು, ಮೊದಲ ಕಲ್ಲು ನನ್ನ ಪಂಪಿಗೇ?"

ಪಂಪು ಬಿಚ್ಚಿದರು. ಹಲ್ಲುಗಳು ಸರಿಯಾಗಿದ್ದವು. ಒತ್ತಡ ಮಿತಿಮೀರದಂತೆ ತಡೆಯುವ ವಾಲ್ವು ತೊಳೆದರು. ಸಿಲಿಂಡರಿನೊಳಗಿನ ರಬ್ಬರು ಬದಲಿಸಿದರು. ಪ್ರತಿಸಲವೂ ಎಣ್ಣೆ ಇಳಿಸಿ, ತುಂಬಿ, ಮುಚ್ಚಳ ಹಾಕಿ ನಡೆಸಿದರೆ ಯಂತ್ರ ಸೊಗಸಾಗಿ ನಡೆಯುತ್ತಿತ್ತು. ಇದೇ ರೋಗ, ಸಿಕ್ಕಿತು, ಎಂದು ಎಲ್ಲರೂ ಹಿಗ್ಗುತ್ತಿದ್ದರು. ಅಕ್ಕ ಒಳಗಿಂದ ಬಿಸಿ ಬನ್ನು ತರುತ್ತಿದ್ದಳು. ಬನ್ನು ತಿಂದು ಮುಗಿಯುವ ಮೊದಲೇ ಕುಂಯ್ ಶುರುವಾಗುತ್ತಿತ್ತು. ಬರಬರುತ್ತ ಬನ್ನು ತರುವುದನ್ನು ಅಕ್ಕ ನಿಲ್ಲಿಸಿದಳು. ಅಪಶಕುನವೆಂದಲ್ಲ, ಅವರ ಮುಖ ಬಾಡುವುದನ್ನು ನೋಡಲಾಗದೆ.

ಒಂದು ಸುಳಿವು ಮಾತ್ರ ಕಿಡಿಗೆ ಸಿಕ್ಕಿತ್ತು. ಯಂತ್ರ ನಿಂತಾಗಲೆಲ್ಲ ಎಣ್ಣೆಯಲ್ಲಿ ಹಾಲಿನ ನೊರೆಯಂಥ ನೊರೆ ಇರುತ್ತಿತ್ತು. ಹಾಗಾದರೆ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಅವನು ಪ್ರತಿಯೊಂದು ಜೋಡಣೆಯನ್ನೂ ಬಿಚ್ಚಿ, ದಾರ ಸುತ್ತಿ, ಗಟ್ಟಿಯಾಗಿ ಬಿಗಿದ. ಮುಚ್ಚಳಕ್ಕೆ ಹೊಸ ವಾಷರು ಹಾಕಿದ. ಇರುವೆ ಹೋಗಲೂ ಸಂದಿಲ್ಲದಂತೆ ಎಲ್ಲ ಮುಚ್ಚಿದ. ಆಶ್ಚರ್ಯವೆಂದರೆ, ಅವನು ಬಿಗಿದಷ್ಟೂ ಯಂತ್ರ ಬೇಗ ಬೇಗ ಸೋಲುತ್ತಿತ್ತು.

ಈ ನಡುವೆ ಸೀಳಿಟ್ಟ ಸೌದೆಯ ರಾಶಿ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿದಿತ್ತು. ಭಾವ ಯಂತ್ರದ ಬಗ್ಗೆ ಕುಹಕ ಆಡುವುದನ್ನು ನಿಲ್ಲಿಸಿದರು. ಅದು ಕಿಡಿಗೆ ಕುಹಕಕ್ಕಿಂತ ಹೆಚ್ಚು ಚುಚ್ಚಿತು. ಛಾವಣಿಯ ಕಡೆಗೂ ಅವರು ನೋಡುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಸೌದೆಯ ರಾಶಿಯನ್ನೇ ನೋಡುತ್ತಿದ್ದರು.

ಆ ಮಧ್ಯಾಹ್ನ ಕಿಡಿ ಪಂಪಿಗೆ ಸ್ಕ್ರೂಡ್ರೈವರು ಆನಿಸಿ ಅದರ ಹಿಡಿಗೆ ಕಿವಿಯಿಟ್ಟು ಕೂತಿದ್ದ. ವೈದ್ಯರು ಎದೆ ಕೇಳುವ ಹಾಗೆ ಅವನು ಯಂತ್ರ ಕೇಳುತ್ತಿದ್ದ. ಆಗ ಸೌದೆ ಕೊಟ್ಟಿಗೆಯಿಂದ ಆ ಸದ್ದು ಬಂತು. ಟಕ್. ಬಾಲ್ಯದಿಂದ ಕೇಳಿದ, ಕೇಳಿ ಹಾಯಾಗಿ ಹೊರಳುತ್ತಿದ್ದ ಅದೇ ಸದ್ದಿಗೆ ಈಗ ಅವನ ಕೈಯ ಸ್ಕ್ರೂಡ್ರೈವರು ಜಾರಿ ಬಿತ್ತು.

ಅವನು ಓಡಿಹೋಗುವಷ್ಟರಲ್ಲಿ ಅಕ್ಕ ಅಲ್ಲಿದ್ದಳು. ಭಾವ ಕೊರಡಿನ ಮೇಲೆ ಕೂತಿದ್ದರು. ಒಂದು ಕೈ ಹೊಟ್ಟೆಯ ಮೇಲಿತ್ತು. ಗುಜರಿಯವನ ಅಂಗಳದಿಂದ ತಂದ ತುಕ್ಕು ಕೊಡಲಿ ಪಕ್ಕದ ಗಂಟಿನಲ್ಲಿ ಕಚ್ಚಿಕೊಂಡು ನಿಂತಿತ್ತು. ಅಕ್ಕ ಅವರ ಅಂಗಿ ಮೇಲೆತ್ತಿ ಹೊಲಿಗೆಯ ಗುರುತನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

"ಏನೂ ಆಗಿಲ್ಲ ಕಣೇ. ಒಂದೇ ಏಟು."

"ನೋವಿದೆಯಾ?"

"ಇಲ್ಲ ಅಂದ್ನಲ್ಲ. ಭಯ ಆಯ್ತು, ಅದಕ್ಕೆ ಕೂತೆ."

ಭಯ ಎಂಬ ಮಾತನ್ನು ಭಾವನ ಬಾಯಿಂದ ಅವರಿಬ್ಬರೂ ಕೇಳಿದ್ದು ಅದೇ ಮೊದಲು. ಅಕ್ಕ ಅಂಗಿ ಇಳಿಸಿ ನೆರಿಗೆ ಸರಿಮಾಡಿದಳು.

"ನಾಳೆಗೆ ಸೌದೆ ಇದೆ. ನಾಡಿದ್ದಕ್ಕಿಲ್ಲ," ಎಂದರು ಭಾವ, ಕಿಡಿಯ ಕಡೆ ನೋಡಿ. "ನಿನ್ನ ಮೇಲೆ ಸಿಟ್ಟಿಲ್ಲಪ್ಪ. ನೀನು ಪಟ್ಟ ಪಾಡು ಕಂಡಿದ್ದೀನಿ. ಆದರೆ ನಾಡಿದ್ದು ಯಂತ್ರ ನಡೀಲಿಲ್ಲ ಅಂದ್ರೆ ನಾನು ಮೆಲ್ಲಗೆ, ಒಂದೊಂದೇ ಏಟು ಹಾಕಿ ಸೀಳ್ತೀನಿ. ತಡೀಬೇಡಿ."

ಕಿಡಿ ಅಕ್ಕನ ಹಿಂದೆಯೇ ಅಡುಗೆಮನೆಗೆ ಹೋಗಿ ಗೋಡೆಗೊರಗಿ ಕೂತ. ಅಕ್ಕನಿಗೂ ಕೂರಬೇಕಾಗಿತ್ತು. ಆದರೆ ಸುಮ್ಮನೆ ಕೂತರೆ ಅಳು ಬರುತ್ತಿತ್ತು. ಅವಳು ಹೊಸ ಎಣ್ಣೆ ಡಬ್ಬ ಎಳೆದುಕೊಂಡು, ಮೊಳೆಯಿಟ್ಟು ಬಡಿದು, ಮೂಲೆಯಲ್ಲೊಂದು ತೂತು ಮಾಡಿ ಬಗ್ಗಿಸಿದಳು. ಎಣ್ಣೆ ಗುಳುಕ್ ಎಂದು ಒಂದಿಷ್ಟು ಬಿತ್ತು, ನಿಂತಿತು. ಡಬ್ಬ ಒಳಕ್ಕೆ ಎಳೆದುಕೊಂಡು ಟಣ್ ಎಂದಿತು. ಮತ್ತೆ ಗುಳುಕ್.

"ಇನ್ನೊಂದು ತೂತು ಮಾಡಕ್ಕ," ಎಂದ ಕಿಡಿ, ಎತ್ತಲೋ ನೋಡುತ್ತ.

"ಮಾಡ್ತೀನಿ ಇರು. ಅದಕ್ಕೂ ಉಸಿರಾಡಬೇಕಲ್ಲ." ಎದುರು ಮೂಲೆಯಲ್ಲಿ ಮತ್ತೊಂದು ತೂತು ಬಿತ್ತು. ಎಣ್ಣೆ ಹಗ್ಗದಂತೆ ನೆಟ್ಟಗೆ ಇಳಿಯಿತು. ಕೆಲಸ ಮುಗಿಸಿದ ಅಕ್ಕ ಎರಡು ಚೂರು ಬಟ್ಟೆ ತಂದು ಎರಡೂ ತೂತಿಗೆ ಬಿರಡೆ ಹಾಕಿದಳು.

ಇದು ಅವರ ಅಮ್ಮನಿಂದ ಬಂದ ಅಭ್ಯಾಸ. ಸುಣ್ಣದ ಕಾರ್ಖಾನೆಯ ಪಕ್ಕದ ಓಣಿಯಲ್ಲಿ ಬಾಳಿದ ಅಮ್ಮ ಬಾಯಿ ತೆರೆದ ಪಾತ್ರೆಯನ್ನು ಕಂಡರೆ ಬಟ್ಟೆ ಕಟ್ಟದೆ ಬಿಟ್ಟವಳಲ್ಲ. ಬೇಕರಿಗೆ ಬಂದ ಮೇಲೆ, ಹಿಟ್ಟಿನ ಧೂಳಿನಲ್ಲಿ, ಅಕ್ಕನಲ್ಲಿ ಅದು ಇಮ್ಮಡಿಯಾಯಿತು. ನೀರಿನ ಬಿಂದಿಗೆ, ಸಕ್ಕರೆ ಡಬ್ಬ, ಉಪ್ಪಿನ ಜಾಡಿ, ಇಂಕಿನ ಬಾಟಲಿ, ಎಲ್ಲಕ್ಕೂ ಬಟ್ಟೆ, ಎಲ್ಲಕ್ಕೂ ದಾರ. ಬಾಯಿ ಬಿಟ್ಟುಕೊಂಡು ನಿದ್ದೆ ಹೋಗೋಕೂ ನನಗೆ ಧೈರ್ಯ ಇಲ್ಲ, ಇವಳು ಬಂದು ಕಟ್ಟಿಬಿಟ್ಟಾಳು, ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು. ಕಿಡಿಯೂ ಅದೇ ತಾಯಿಯ ಮಗ. ಅವನ ಚಹದ ಲೋಟದ ಮೇಲೆ ಸದಾ ಒಂದು ಕಾಗದ ಇರುತ್ತಿತ್ತು.

ಅವನು ಬಿರಡೆ ಹಾಕಿದ ಡಬ್ಬವನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಹೊರಗೆ ಹೋದ.

ಟ್ಯಾಂಕಿನ ನೆತ್ತಿಯ ಹಿಂತುದಿಯಲ್ಲಿ ಅವನೇ ಬೆಸೆದ ಉಸಿರುಕೊಳವೆ ಇತ್ತು. ಅದರ ತಲೆಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದ ಒಂದು ತುಂಡು. ಸುತ್ತ ಬಿಗಿಯಾದ ದಾರ, ಅಚ್ಚುಕಟ್ಟಾದ ಗಂಟು. ಪ್ಲಾಸ್ಟಿಕ್ಕು ಕೊಳವೆಯೊಳಕ್ಕೆ ಎಳೆದುಕೊಂಡು ಹಸುಗೂಸಿನ ಹೊಕ್ಕುಳಿನಂತೆ ಗುಳಿಬಿದ್ದಿತ್ತು. ಎಣ್ಣೆ ಬಿಸಿಯಾಗಿ ಗಾಳಿ ಹೊರಗೆ ಬರುವಾಗ ಅದು ಸಡಿಲಗೊಂಡು ದಾರಿ ಬಿಡುತ್ತಿತ್ತು. ಟ್ಯಾಂಕು ಗಾಳಿ ಎಳೆದುಕೊಳ್ಳಲು ಹೋದರೆ ಮಾತ್ರ ಗಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಪಂಪು ಎಣ್ಣೆ ಎಳೆದೂ ಎಳೆದೂ, ಬಿಡದ ಟ್ಯಾಂಕಿನೊಂದಿಗೆ ಜಗ್ಗಾಡಿ, ನೊರೆ ಕಾರಿ ಸೋಲುತ್ತಿತ್ತು. ಮುಚ್ಚಳ ತೆಗೆದರೆ ಗಾಳಿ ಒಳಗೆ, ಯಂತ್ರಕ್ಕೆ ಜೀವ. ಅದಕ್ಕೇ ಪ್ರತಿ ರಿಪೇರಿಯೂ ಒಂದು ಗಳಿಗೆ ಗೆದ್ದಿತ್ತು. ಗಾಳಿ ಒಳಗೆ ನುಗ್ಗುತ್ತಿದೆ ಎಂದು ಅವನು ಹುಡುಕಿದ್ದ. ಗಾಳಿ ಒಳಗೆ ಹೋಗದೇ ಯಂತ್ರ ಸಾಯುತ್ತಿತ್ತು.

ಕಿಡಿ ನೆಲದ ಮೇಲೆ ಕೂತು ನಕ್ಕ. ಅಕ್ಕ ಗಾಬರಿಯಿಂದ ಬಂದಳು.

"ಅದು ನಾನೇ ಕಟ್ಟಿದ್ದು. ಮೊದಲ ದಿನ, ನೀನು ಎಣ್ಣೆ ತುಂಬಿ ಹೋದ ಮೇಲೆ ನೋಡಿದರೆ ಬಾಯಿ ತೆರ್ಕೊಂಡಿತ್ತು. ಮರದ ಪುಡಿ ಬೀಳುತ್ತೆ ಅಂತ." ಅವನ ಮುಖ ನೋಡುತ್ತ ನೋಡುತ್ತ ಅವಳಿಗೆ ಅರ್ಥವಾಗತೊಡಗಿತು. "ಇದರಿಂದಲೇನೋ? ಇಷ್ಟು ದಿನ? ಇವರು ಕೊಡಲಿ ಎತ್ತಿದ್ದು ನನ್ನಿಂದಲಾ?"

"ಅಕ್ಕ, ನಾನು ದಿನಾ ಇದರ ಮುಂದೆ ಕೂತಿದ್ದೆ. ಇದನ್ನು ನೋಡಿದ್ದೆ ಕೂಡ. ನಮ್ಮ ಮನೇಲಿ ಬಾಯಿ ಕಟ್ಟಿರೋದು ನನ್ನ ಕಣ್ಣಿಗೆ ಬೀಳೋದೇ ಇಲ್ಲ. ಕಟ್ಟದೆ ಇದ್ದಿದ್ರೆ ಕಾಣ್ತಿತ್ತೇನೋ."

"ಅಮ್ಮ ಇದ್ದಿದ್ರೆ ಏನನ್ನುತ್ತಿದ್ದಳು?"

"ಅವಳು ಇದ್ದಿದ್ರೆ ಎರಡು ಸುತ್ತು ಕಟ್ಟಿರೋಳು."

ಅಕ್ಕ ಅಳುತ್ತಲೇ ನಕ್ಕಳು. ಕಿಡಿ ದಾರ ಕಡಿದ. ಟ್ಯಾಂಕು ಉಸ್ಸೆಂದು ಉದ್ದನೆಯ ಉಸಿರು ಎಳೆದುಕೊಂಡಿತು. ಅಕ್ಕನ ಮಾತಿನಲ್ಲೂ ನ್ಯಾಯವಿತ್ತು. ಮರದ ಪುಡಿ ಬೀಳುವುದು ನಿಜ. ಅವನು ಕೊಳವೆಯ ತುದಿಯನ್ನು ಕೆಳಮುಖವಾಗಿ ಬಗ್ಗಿಸಿದ. ಅಕ್ಕ ಹಿಟ್ಟು ಸೋಸುವ ತೆಳುಬಟ್ಟೆಯ ತುಂಡು ತಂದು, ಬಾಯಿಗೆ ಹಿಡಿದು ಊದಿ, ಗಾಳಿ ಹಾಯುವುದನ್ನು ಖಾತ್ರಿ ಮಾಡಿಕೊಂಡು ತಾನೇ ಕಟ್ಟಿದಳು.

ಮರುದಿನ ಬೆಳಿಗ್ಗೆ ಬ್ರೆಡ್ಡು ಒಲೆಗೆ ಹೋದ ಮೇಲೆ ಎಲ್ಲರೂ ಹಿತ್ತಲಲ್ಲಿ ಸೇರಿದರು. ಕಿಡಿ ಬೇಕೆಂದೇ ಪೈಲ್ವಾನನನ್ನು ಉರುಳಿಸಿ ತಂದ. ಆ ಕೊರಡಿಗೆ ಹಾಗೆ ಹೆಸರಿಟ್ಟದ್ದು ಭಾವ. ಮೂರು ಕವಲು ಸೇರಿದ ಗಂಟು. ಆಪರೇಷನ್ನಿಗೂ ಮೊದಲೇ ಅವರನ್ನು ಸೋಲಿಸಿ ಮೂಲೆಯಲ್ಲಿ ಕೂತಿತ್ತು.

"ಚಿಕ್ಕದರಿಂದ ಶುರು ಮಾಡೋ," ಎಂದಳು ಅಕ್ಕ.

"ಬೇಡ. ಸೋತರೆ ಇದರ ಕೈಲೇ ಸೋಲಲಿ." ಕಿಡಿ ಸ್ಟೂಲು ಎಳೆದು ಹಾಕಿದ. "ಕೂತ್ಕೊಳ್ಳಿ ಭಾವ. ಈ ಸನ್ನೆ ಮುಂದಕ್ಕೆ ತಳ್ಳಿ ಸಾಕು. ಬಲ ಬೇಡ."

ಭಾವ ಕೂತರು, ಸನ್ನೆ ಹಿಡಿದು ತಳ್ಳಿದರು. ದಂಡ ಹೊರಟಿತು. ಪೈಲ್ವಾನನ ಬೆನ್ನಿಗೆ ಕೈಯಿಟ್ಟು ಬೆಣೆಗೆ ಒತ್ತಿತು. ಮೋಟಾರಿನ ದನಿ ತಗ್ಗಿತು. ಯಾರೂ ಉಸಿರಾಡಲಿಲ್ಲ. ಗಂಟು ಒಮ್ಮೆ ನರಳಿ, ಒಳಗೆಲ್ಲೋ ಪಟ್ಟೆಂದಿತು. ಕೂದಲೆಳೆಯಷ್ಟು ಬಿರುಕು ಕಂಡಿತು. ಆಮೇಲೆ ಮರ ತನ್ನ ಹಟವನ್ನೆಲ್ಲ ಒಟ್ಟಿಗೆ ಬಿಟ್ಟುಕೊಟ್ಟಂತೆ ತೆರೆದುಕೊಂಡಿತು. ಎಷ್ಟೋ ವರ್ಷ ಮುಚ್ಚಿಟ್ಟಿದ್ದ ಕೆಂಪು ತಿರುಳಿನ ವಾಸನೆ ಹಿತ್ತಲನ್ನು ತುಂಬಿತು.

ಗುಜರಿಯವನು ಮಾತ್ರ ಮಾತಾಡಿದ. "ಪಂಪು ಯಾರದು ಅಂತ ಯಾರಾದರೂ ಕೇಳಿ."

ಕೊರಡಿನ ಮೇಲೆ ಕೊರಡು ಬಂತು. ಎಲ್ಲರ ಕಿವಿಯೂ ಆ ಕುಂಯ್‌ಗಾಗಿ ಕಾದಿತ್ತು. ಅದು ಬರಲಿಲ್ಲ. ಸೌದೆಯ ರಾಶಿ ಮೊಣಕಾಲು ದಾಟಿ ಸೊಂಟಕ್ಕೆ ಏರಿದಾಗ ಅಕ್ಕ ಒಳಗೆ ಹೋಗಿ ಬನ್ನು ತಂದಳು. ಬನ್ನು ತಿಂದು ಮುಗಿಯಿತು. ಯಂತ್ರ ನಡೆಯುತ್ತಲೇ ಇತ್ತು. ಅಷ್ಟು ದಿನ ಎದೆಯಲ್ಲಿ ಹಿಡಿದಿಟ್ಟಿದ್ದ ಏನೋ ಅಕ್ಕನಿಂದ ಸದ್ದಿಲ್ಲದೆ ಇಳಿಯಿತು. ಅವಳು ಹೊಸ್ತಿಲ ಮೇಲೆ, ದಾರಿಯ ಮಧ್ಯೆಯೇ, ಯಾರಿಗೆ ಅಡ್ಡವಾದೀತೆಂದೂ ನೋಡದೆ ಕೂತುಬಿಟ್ಟಳು.

ಭಾವ ಮಾತ್ರ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಸನ್ನೆಯನ್ನು ಬಿಟ್ಟು, ಮತ್ತೆ ಹಿಡಿದರು. ಅದಕ್ಕೆ ಮರದ ಹಿಡಿ ಇತ್ತು. ಅವರ ಹೆಬ್ಬೆರಳು ಅದರ ಮೇಲೆ ಒಂದು ತಗ್ಗನ್ನು ಹುಡುಕಿ, ಸಿಕ್ಕ ಕೂಡಲೇ ಅಲ್ಲಿ ಕೂತಿತು. ವರ್ಷಗಟ್ಟಲೆ ಅದೇ ಹೆಬ್ಬೆರಳು ಸವೆಸಿದ ತಗ್ಗು. ಅವರು ಎದ್ದು ಬೆಣೆಯ ಹತ್ತಿರ ಹೋದರು. ಅಷ್ಟು ಹೊತ್ತಿಗೆ ಕೆಂಪು ಬಣ್ಣ ಉಜ್ಜಿಹೋಗಿ ಉಕ್ಕು ಹೊಳೆಯುತ್ತಿತ್ತು. ಅಲಗಿನ ತುದಿಯಲ್ಲಿ, ಎಂದೋ ಮೊಳೆಗೆ ಬಡಿದು ಬಿದ್ದ ಕಚ್ಚು.

"ಕೊಡಲಿ ಇಲ್ಲೇ ಎಲ್ಲೋ ಇರಬೇಕು ಅಂದೆಯಲ್ಲೋ," ಎಂದರು ಭಾವ.

"ಇಲ್ಲೇ ಇದೆಯಲ್ಲ ಭಾವ."

"ಹಿಡಿ ಕತ್ತರಿಸಿದೆಯಾ?"

"ಅಷ್ಟುದ್ದ ಬೇಕಾಗಿರಲಿಲ್ಲ. ನಿಮ್ಮ ಬೆರಳು ಕೂರೋ ಕಡೆ ಉಳಿಸಿಕೊಂಡೆ."

ಭಾವ ಬೈಯುತ್ತಾರೆಂದು ಕಿಡಿ ಒಂದು ಕಣ್ಣು ಮುಚ್ಚಿ ಕಾದ. ಅವರು ಬೈಯಲಿಲ್ಲ. ವಾಪಸು ಬಂದು ಸ್ಟೂಲಿನ ಮೇಲೆ ಕೂತು, ಹೊಟ್ಟೆಯ ಮೇಲಿನ ಅಂಗಿ ಸರಿಪಡಿಸಿಕೊಂಡು, ಹೆಬ್ಬೆರಳನ್ನು ಅದರ ಜಾಗದಲ್ಲಿಟ್ಟರು.

"ಏನು ಮುಖ ನೋಡ್ತಾ ನಿಂತೆ? ಇನ್ನೊಂದು ಇಡು."

ಅಕ್ಕ ಬಾಗಿಲಲ್ಲಿ ಕೂತೇ ಕೇಳಿದಳು, "ರೀ, ಆ ಛಾವಣಿ ಕಲೆ ಒರೆಸಿಬಿಡ್ಲಾ ಇವತ್ತು?"

ಭಾವ ಸನ್ನೆ ತಳ್ಳಿದರು. ಕೊರಡು ಸೀಳಿ ಎರಡೂ ಬದಿಗೆ ಬಿದ್ದ ಮೇಲೆ ಹೇಳಿದರು.

"ಅವಸರ ಏನು. ನಾಳೆ ಒರೆಸಿದರಾಯ್ತು."